ಸುಲೋಚನೆಯ ಪರವಾಗಿ ಒಂದು ತಪ್ಪೊಪ್ಪಿಗೆ

ನಾನು ಧಾರಾವಾಹಿ ನೋಡುವುದಿಲ್ಲ. ಧಾರಾವಾಹಿ ನಡೆಯುವ ಕೋಣೆಯಲ್ಲಿ ಕೂತಿರುತ್ತೇನೆ, ಅಷ್ಟೆ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ನನ್ನ ಹೆಂಡತಿ ಸರೋಜ ಇಂದಿಗೂ ಒಪ್ಪಿಲ್ಲ. ಬೆಳಿಗ್ಗೆಯೇ ಓದಿ ಮುಗಿಸಿದ ಪತ್ರಿಕೆಯನ್ನು ಸಂಜೆ ಏಳರಿಂದ ಏಳೂವರೆಯವರೆಗೆ ಮುಖದ ಮುಂದೆ ಅಗಲವಾಗಿ ಹಿಡಿದು, ಪುಟ ಮಗುಚದೆ ಕೂರುವ ಮನುಷ್ಯನನ್ನು ಯಾವ ನ್ಯಾಯಾಲಯವೂ ಪ್ರೇಕ್ಷಕ ಎಂದು ತೀರ್ಮಾನಿಸಲಾರದು. ಕಣ್ಣಿಗೆ ರೆಪ್ಪೆ ಇಟ್ಟ ದೇವರು ಕಿವಿಗೆ ಏನೂ ಇಡಲಿಲ್ಲ. ಆ ದಾರಿಯಲ್ಲಿ ಒಳಗೆ ಬಂದದ್ದಕ್ಕೆ ನಾನು ಜವಾಬ್ದಾರನಲ್ಲ.

ಹಾಗೆ ಒಳಗೆ ಬಂದವಳು ಸುಲೋಚನೆ.

ಸುಲೋಚನೆ ಒಂದು ಧಾರಾವಾಹಿಯ ಸೊಸೆ. ಮನೆ ಬಿಟ್ಟು ಹೋಗಿದ್ದ ಅವಳ ಮೈದುನ ತನ್ನ ತಾಯಿಗೆ ಒಂದು ಕಾಗದ ಬರೆದ: ತಪ್ಪಾಯಿತಮ್ಮ, ಕರೆದರೆ ಬರುತ್ತೇನೆ ಎಂದು. ಮೊಬೈಲಿನ ಕಾಲದಲ್ಲಿ ಅವನು ಕಾಗದವನ್ನೇಕೆ ಬರೆದ ಎಂದು ನೀವು ಕೇಳಬಾರದು. ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟರೆ ಅದು ಬಡಿದುಕೊಳ್ಳುತ್ತದೆ, ಕಾಗದ ಸುಮ್ಮನಿರುತ್ತದೆ. ಮೈದುನ ಬಂದರೆ ಮನೆಯಲ್ಲಿ ತನ್ನ ಗಂಡನ ಮಾತಿಗೆ ತೂಕ ಕಡಿಮೆಯಾದೀತೆಂದು ಸುಲೋಚನೆ ಕಾಗದವನ್ನು ಅಕ್ಕಿ ಡಬ್ಬದೊಳಗೆ ತುರುಕಿದಳು. ತುರುಕಿ ಎಂಟು ತಿಂಗಳಾಯಿತು. ಅಂದಿನಿಂದ ಆ ಮನೆಯಲ್ಲಿ ಅನ್ನ ಮಾಡುವುದೇ ಒಂದು ಅಧ್ಯಾತ್ಮ. ಡಬ್ಬದ ಮುಚ್ಚಳ ತೆಗೆದರೆ ಕಾಗದ ಮಾತಾಡುತ್ತದೆ. ಮೈದುನನ ಧ್ವನಿ ಹೊಗೆಯಂತೆ ಮೇಲೇಳುತ್ತದೆ. ಅತ್ತೆ ಮನೆಯೊಳಗೆ ಸುಮ್ಮನೆ ಕೆಮ್ಮಿದರೂ ಸುಲೋಚನೆಗೆ “ಕಾಗದ ಎಲ್ಲಿ?” ಎಂದು ಕೇಳಿಸುತ್ತದೆ. ಕೊನೆಗೆ ಅವಳು ಕನ್ನಡಿಯ ಮುಂದೆ ಬಂದು ನಿಲ್ಲುತ್ತಾಳೆ. ಕನ್ನಡಿಯಲ್ಲಿ ಇನ್ನೊಬ್ಬ ಸುಲೋಚನೆ ಬಿಳಿ ಸೀರೆ ಉಟ್ಟು, ಕೂದಲು ಬಿಚ್ಚಿಕೊಂಡು, ಬೆರಳು ತೋರಿಸಿ ನಗುತ್ತಾಳೆ. ಇವಳೇ ಒಳಮನಸ್ಸು. ನಮ್ಮೆಲ್ಲರ ಒಳಮನಸ್ಸೂ ತಲೆ ಬಾಚಿಕೊಳ್ಳುವುದಿಲ್ಲ ಎಂಬುದು ಟಿವಿಯವರ ಖಚಿತ ಅಭಿಪ್ರಾಯ.

ಪಾಪಪ್ರಜ್ಞೆಯನ್ನು ಜನರ ಕಣ್ಣಿಗೆ ಕಾಣಿಸುವುದು ಸುಲಭದ ಕೆಲಸವಲ್ಲ, ಅದನ್ನು ಒಪ್ಪುತ್ತೇನೆ. ನಮ್ಮ ಮಂಡ್ಯದ ಕಡೆ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಅದಕ್ಕೊಂದು ಅಚ್ಚುಕಟ್ಟಾದ ಏರ್ಪಾಡಿತ್ತು. ತಪ್ಪು ಮಾಡಿದ ರಾಜ ಕಿರೀಟವನ್ನು ಸರಿಮಾಡಿಕೊಂಡು ಹಾರ್ಮೋನಿಯಂ ಮೇಷ್ಟರ ಕಡೆ ಒಮ್ಮೆ ನೋಡುವನು. ಅವರು ಶ್ರುತಿ ಕೊಟ್ಟರೆ ಇವನು ಪಶ್ಚಾತ್ತಾಪಪಡುವನು. ರಾಗ ಚೆನ್ನಾಗಿ ಬಂದು ಜನ “ಒನ್ಸ್ ಮೋರ್” ಎಂದರೆ ಇನ್ನೊಮ್ಮೆ ಪಶ್ಚಾತ್ತಾಪಪಡುವನು. ಎಷ್ಟೇ ಘೋರ ಪಾಪವಾದರೂ ಎರಡು ಪದ್ಯದಲ್ಲಿ ಮುಗಿದು ರಾಜ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಸುಲೋಚನೆಗೆ ಹಾರ್ಮೋನಿಯಂ ಇಲ್ಲ. ಅವಳಿಗಿರುವುದು ಮೂರು ಕಡೆಯಿಂದ ಮೂರು ಸಲ ತಿರುಗುವ ಕ್ಯಾಮರಾ ಮತ್ತು ಗುಡುಗು.

ನನಗೂ ಈ ವಿಷಯದಲ್ಲಿ ಅಲ್ಪಸ್ವಲ್ಪ ಪಾಂಡಿತ್ಯವಿದೆ. ನಿವೃತ್ತಿಯ ತನಕ ನಾನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರೈತರಿಗೆ ಕರಪತ್ರ ಬರೆಯುತ್ತಿದ್ದೆ. ಭತ್ತಕ್ಕೆ ಬೀಳುವ ಕಾಂಡಕೊರಕ ಹುಳುವಿನ ಬಗ್ಗೆ ನಾನು ಬರೆದಷ್ಟು ಮನಮುಟ್ಟುವಂತೆ ಯಾರೂ ಬರೆದಿಲ್ಲವೆಂದು ನನ್ನ ನಂಬಿಕೆ. ಹುಳು ಕಾಂಡದ ಒಳಗೆ ಸೇರಿಕೊಂಡು ಅಲ್ಲೇ ಸಂಸಾರ ಹೂಡುತ್ತದೆ. ಹೊರಗಿನ ಎಲೆಗಳೆಲ್ಲ ಹಸಿರಾಗಿಯೇ ಇರುತ್ತವೆ. ನಡುವಿನ ಸುಳಿ ಮಾತ್ರ ಒಣಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ತಪ್ಪು ಮಾಡಿ ಮುಚ್ಚಿಟ್ಟುಕೊಂಡವರ ಲಕ್ಷಣವೂ ಇದೇ ಎಂದು ನಾನು ಸರೋಜಳಿಗೆ ಪತ್ರಿಕೆಯ ಮರೆಯಿಂದಲೇ ವಿವರಿಸಿದ್ದೆ. “ನೋಡೋದಿಲ್ಲ ಅಂತೀರಿ, ಮತ್ತೆ ಇಷ್ಟು ತಲೆ ಕೆಡಿಸ್ಕೊಂಡಿದೀರಿ” ಎಂದಳು. ನಾನು ಪುಟ ಮಗುಚಿದೆ.

ಸುಲೋಚನೆಯ ಬಗ್ಗೆ ನಮಗಿಬ್ಬರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಮಳವಳ್ಳಿಯಲ್ಲಿದ್ದರು. ಸರೋಜಳ ಅಕ್ಕ ನಿಂಗಮ್ಮ, ಅಂದರೆ ನನಗೆ ಅತ್ತಿಗೆ. ಗಟ್ಟಿ ಮನುಷ್ಯರು. ಗಂಡ ತೀರಿಕೊಂಡ ಮೇಲೂ ಗದ್ದೆಯ ನೀರಿನ ಪಾಳಿಗೆ ತಾವೇ ಹೋಗಿ ನಿಂತು, ತಮ್ಮ ಸರದಿ ತಪ್ಪಿಸಿದವರ ಬಾಯಿ ಮುಚ್ಚಿಸಿದವರು. ಅಂಥವರು ಸುಲೋಚನೆಯ ವಿಷಯ ಬಂದರೆ ಮಾತ್ರ ಮೆತ್ತಗಾಗುತ್ತಿದ್ದರು. ಏಳೂವರೆಗೆ ಧಾರಾವಾಹಿ ಮುಗಿದರೆ ಏಳು ಮೂವತ್ತೊಂದಕ್ಕೆ ನಮ್ಮ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. “ಇವತ್ತೂ ಏಳ್ನಿಲ್ಲ ಕಣೇ ಸರೋಜ ಅವ್ಳು. ಬಾಯ್ಗಂಟ ಬಂದಿತ್ತು, ನುಂಗ್ಕೊಂಡ್ಲು.” ಎಂಟು ತಿಂಗಳು ಹೀಗೆ. ನಾನಿದನ್ನು ಒಬ್ಬ ವಯಸ್ಸಾದ ಹೆಂಗಸಿನ ಟಿವಿ ಹುಚ್ಚು ಎಂದುಕೊಂಡಿದ್ದೆ. ಸುಳಿ ಎಳೆದು ನೋಡುವ ಬುದ್ಧಿ ನನಗೆ ಬರಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಸರೋಜ ಪಕ್ಕದ ಬೀದಿಗೆ ಅರಿಶಿನ ಕುಂಕುಮಕ್ಕೆ ಹೊರಟಳು. ಹೊರಡುವಾಗ ನನಗೊಂದು ಸರ್ಕಾರಿ ಜವಾಬ್ದಾರಿ ವಹಿಸಿದಳು: “ಇವತ್ತು ಹೇಳೇ ಹೇಳ್ತಾಳಂತೆ. ಪೇಪರ್ ಕೆಳಗಿಟ್ಟು ನೋಡಿ.” ನಾನು ಪೇಪರ್ ಕೆಳಗಿಟ್ಟೆ. ಅಲ್ಲೇ ಎಡವಟ್ಟಾಯಿತು. ಪೇಪರ್ ಎತ್ತಿ ಹಿಡಿದಿದ್ದರೆ ಕೈ ನೋಯುತ್ತಿತ್ತು, ಎಚ್ಚರವಿರುತ್ತಿತ್ತು. ಕೈ ಖಾಲಿಯಾದ ಕೂಡಲೇ ನಿದ್ದೆ ಬಂತು. ಸುಲೋಚನೆ ಕನ್ನಡಿಯ ಕಡೆ ನಡೆಯುತ್ತಿದ್ದದ್ದು ನೆನಪಿದೆ. ಆಮೇಲೆ ಎದ್ದದ್ದು ಫೋನಿನ ಸದ್ದಿಗೆ.

“ಬಾವ, ಇಲ್ಲಿ ಕರೆಂಟು ಓಗ್ಬುಟ್ಟದೆ. ಸುರುವಾಗೋ ಒತ್ಗೇ ಓಯ್ತು. ಸರೋಜ ಎಲ್ಲಿ?”

“ಅರಿಶಿನ ಕುಂಕುಮಕ್ಕೆ ಹೋಗಿದಾಳೆ ಅತ್ತಿಗೆ.”

“ನೀವ್ ನೋಡುದ್ರಾ?”

ಇಲ್ಲಿ “ಇಲ್ಲ, ಮಲಗಿಬಿಟ್ಟಿದ್ದೆ” ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಸಂಜೆ ಏಳು ಗಂಟೆಗೆ ನಿದ್ದೆ ಮಾಡಿದೆನೆಂದು ಹೆಂಡತಿಯ ಅಕ್ಕನಿಗೆ ಹೇಳುವುದು ಯಾವ ಅಳಿಯನಿಗೂ ಶೋಭೆಯಲ್ಲ.

“ನೋಡಿದೆ” ಎಂದೆ.

“ಏಳ್ಬುಟ್ಲಾ?”

ಆ ಒಂದು ಪದದಲ್ಲಿ ಎಷ್ಟು ಆಸೆ ಇತ್ತೆಂದರೆ, ಗದ್ದೆಯ ಬದುವಿನ ಮೇಲೆ ನಿಂತು ಊರನ್ನೇ ಗದರಿಸಿದ ಹೆಂಗಸಿನ ಧ್ವನಿ ಅದೆಂದು ನಂಬುವುದು ಕಷ್ಟವಾಯಿತು. ನನಗೂ ಎಂಟು ತಿಂಗಳ ಬೇಸರ ಒಳಗೆ ಕೂತಿತ್ತು. ಅದಲ್ಲದೆ ಇನ್ನೊಂದು ಕಾರಣವನ್ನೂ ಹೇಳಿಬಿಡಬೇಕು. ಜೀವನವಿಡೀ ಹುಳುಗಳ ಬಗ್ಗೆ ಬರೆದವನಿಗೆ ಒಮ್ಮೆಯಾದರೂ ಮನುಷ್ಯರ ಬಗ್ಗೆ ಬರೆಯುವ ಆಸೆ ಇರುತ್ತದೆ.

“ಹೇಳಿಬಿಟ್ಟಳು ಅತ್ತಿಗೆ” ಎಂದೆ.

ಆಮೇಲೆ ನಾಲಗೆ ತಾನಾಗಿ ಓಡಿತು. ಸುಲೋಚನೆ ಕಾಗದ ಹಿಡಿದು ಅತ್ತೆಯ ಕಾಲ ಬಳಿ ಕೂತಳು. ನಡುಗುತ್ತಾ ಎಲ್ಲ ಹೇಳಿದಳು. ಅತ್ತೆ ಒಂದು ಗಳಿಗೆ ಕಲ್ಲಿನ ಹಾಗೆ ಕೂತಿದ್ದರು. ಆಮೇಲೆ ಸೊಸೆಯನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡರು. ತಮ್ಮ ಸೆರಗಿನಿಂದಲೇ ಅವಳ ಕಣ್ಣು ಒರೆಸಿದರು. “ಹೇಳಿದೆಯಲ್ಲ ಮಗಳೇ, ಅಷ್ಟು ಸಾಕು” ಎಂದರು. ಗುಡುಗು ಇರಲಿಲ್ಲ. ಕ್ಯಾಮರಾ ತಿರುಗಲಿಲ್ಲ. ಕಲಾತ್ಮಕವಾಗಿತ್ತು ಎಂದೇ ನನ್ನ ಅಭಿಪ್ರಾಯ.

“ಆಯ್ತು ಬಾವ, ಮಡುಗ್ತೀನಿ” ಎಂದು ಅತ್ತಿಗೆ ಫೋನಿಟ್ಟರು. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ನಾನು ಒಂದು ಬಾಳೆಹಣ್ಣು ತಿಂದೆ.

ಸರೋಜ ಮರಳಿ ಬಂದವಳೇ ತಾಂಬೂಲದ ಚೀಲ ಇಳಿಸುತ್ತಾ, “ಅವರ ಮನೇಲೂ ಟಿವಿ ಹಾಕಿದ್ರು. ಏನೂ ಹೇಳಲಿಲ್ಲ ರೀ. ಕನ್ನಡಿ ಮುಂದೆ ನಿಂತಳು, ತಲೆ ತಿರುಗಿ ಬಿದ್ದಳು, ಮುಗೀತು” ಎಂದಳು. ನಾನು “ಹೌದು, ಬಿದ್ದಳು” ಎಂದೆ. ಆಗಲೇ ಮಳವಳ್ಳಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನನ್ನ ನಿಜವಾದ ಅಪರಾಧ ಇದು. ಬಾಯಿಗೆ ಬಂದ ಸುಳ್ಳಿಗೆ ನಿದ್ದೆಗಣ್ಣು ಎಂಬ ನೆಪವಾದರೂ ಇದೆ, ಈ ಮೌನಕ್ಕೆ ಏನೂ ಇಲ್ಲ. ಧಾರಾವಾಹಿ ತಾನೆ, ನಾಳೆ ಮಧ್ಯಾಹ್ನ ಎರಡಕ್ಕೆ ಮರುಪ್ರಸಾರ ನೋಡಿ ಅವರೇ ತಿಳಿದುಕೊಳ್ಳುತ್ತಾರೆ, ಒಂದು ಸಲ ಬೈದು ನಗುತ್ತಾರೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕುತೂಹಲಕ್ಕೆ ಕನ್ನಡಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದೆ. ಬಿಳಿ ಸೀರೆಯವರು ಯಾರೂ ಬರಲಿಲ್ಲ. ಬಾಯಿ ತುಂಬ ನೊರೆ ತುಂಬಿಕೊಂಡ ಒಬ್ಬ ನಿವೃತ್ತ ನೌಕರ ಇದ್ದ. ಅವನ ಮೇಲೆ ಬೆರಳು ತೋರಿಸುವಷ್ಟು ಆಸಕ್ತಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಹತ್ತು ಗಂಟೆಗೆ ಫೋನು ಬಂತು.

“ಬಾವ, ನಾನೂ ಏಳ್ಬುಟ್ಟೆ.”

“ಏನು ಅತ್ತಿಗೆ? ಯಾರಿಗೆ?”

“ಜಯಮ್ಮುಂಗೆ. ಸೀರೆ ವಿಸ್ಯ.”

ಜಯಮ್ಮ ಅತ್ತಿಗೆಯ ಓರಗಿತ್ತಿ, ಅವರ ಮೈದುನನ ಹೆಂಡತಿ. ಮನೆ ಪಾಲಾದ ಮೇಲೆ ನಡುವೆ ಒಂದು ಗೋಡೆ ಎದ್ದಿತ್ತು. ಆ ಗೋಡೆಯಿಂದ ಅಡ್ಡಿಯಾದದ್ದು ಗಾಳಿ ಬೆಳಕಿಗೆ ಮಾತ್ರ. ಸಾರಿನ ಬಟ್ಟಲು, ಬೈಗುಳ, ಮೊಮ್ಮಕ್ಕಳು ಎಲ್ಲ ಸುತ್ತಿ ಬಳಸಿ ಓಡಾಡುತ್ತಿದ್ದವು. ಸೀರೆಯ ವಿಷಯ ನನಗೂ ಸರೋಜಳಿಗೂ ಅಂದೇ ತಿಳಿದದ್ದು. ಅತ್ತಿಗೆ ಫೋನಿನಲ್ಲಿ ಬಿಕ್ಕುತ್ತಾ ಹೇಳಿದ್ದನ್ನು ನಾನು ಜೋಡಿಸಿ ಹೇಳುತ್ತೇನೆ.

ಇಬ್ಬರೂ ಹೊಸದಾಗಿ ಆ ಮನೆಗೆ ಸೊಸೆಯರಾಗಿ ಬಂದ ಕಾಲ. ಗೌರಿ ಹಬ್ಬಕ್ಕೆ ಇಬ್ಬರ ತವರಿನಿಂದಲೂ ಒಂದೇ ದಿನ ಬಾಗಿನ ಬಂತು. ಮೊರದ ಮೇಲೆ ಮೊರ ಮುಚ್ಚಿ, ದಾರ ಕಟ್ಟಿ, ಒಳಗೆ ಸೀರೆ, ಕುಪ್ಪಸದ ಕಣ, ಬಳೆ, ಬೇಳೆ, ಬೆಲ್ಲ. ಹಬ್ಬದ ದಿನ ಪೂಜೆಯಾಗುವ ತನಕ ಅದನ್ನು ಬಿಚ್ಚುವಂತಿಲ್ಲ. ದೇವರ ಮನೆಯ ಉಸ್ತುವಾರಿ ಹಿರಿಯ ಸೊಸೆಯದು, ಅಂದರೆ ಅತ್ತಿಗೆಯದು. ಅವರು ಬಿಚ್ಚಿ ನೋಡಿದರು. ತಮ್ಮ ಮೊರದಲ್ಲಿ ಅಗ್ಗದ ವಾಯಿಲ್ ಸೀರೆ. ಜಯಮ್ಮನ ಮೊರದಲ್ಲಿ, ಮದ್ದೂರಿನ ಅವಳ ಅಣ್ಣ ರಾಮಣ್ಣ ತಂದದ್ದು, ಗಿಳಿಹಸಿರಿನ ರೇಷ್ಮೆ. ಹಿರಿಯ ಸೊಸೆ ಎಲ್ಲರ ಮುಂದೆ ವಾಯಿಲ್ ಬಿಚ್ಚಿ, ಕಿರಿಯವಳು ರೇಷ್ಮೆ ಬಿಚ್ಚುವುದನ್ನು ಅವರು ಒಂದು ಗಳಿಗೆ ಊಹಿಸಿಕೊಂಡರು. ಊಹೆ ಅಷ್ಟು ಸ್ಪಷ್ಟವಾಗಿತ್ತು. ಸೀರೆ ಅದಲುಬದಲಾಯಿತು. ದಾರ ಮತ್ತೆ ಮೊದಲಿನಂತೆಯೇ ಕಟ್ಟಿಯಾಯಿತು.

ಆಮೇಲೆ ಆ ರೇಷ್ಮೆ ಸೀರೆಯನ್ನು ಅತ್ತಿಗೆ ಒಂದು ದಿನವೂ ಉಡಲಿಲ್ಲ. ಉಡಲಾಗಲಿಲ್ಲ. ಟ್ರಂಕಿನ ತಳದಲ್ಲಿ ಇಟ್ಟರು. ಬೇರೇನಾದರೂ ತೆಗೆಯಲು ಮುಚ್ಚಳ ಎತ್ತಿದರೆ ಅದು ಕೆಳಗಿನಿಂದಲೇ ನೋಡುತ್ತಿತ್ತಂತೆ. ಅಕ್ಕಿ ಡಬ್ಬದ ಕಾಗದ ಮಾತಾಡುವುದನ್ನು ನಾನು ಎಂಟು ತಿಂಗಳು ಪತ್ರಿಕೆಯ ಹಿಂದೆ ಕೂತು ಗೇಲಿ ಮಾಡಿದ್ದೆನಲ್ಲ, ಮಳವಳ್ಳಿಯಲ್ಲೊಬ್ಬರು ಅದನ್ನು ವಾರ್ತೆಯಂತೆ ಕೇಳುತ್ತಿದ್ದರು.

ಕಳವು ಸೀರೆಗಷ್ಟೇ ಮುಗಿಯಲಿಲ್ಲ. ಅಣ್ಣ ಹೊಸದಾಗಿ ಮದುವೆಯಾದವನು, ಹೆಂಡತಿಯ ಮಾತು ಕೇಳಿ ತಂಗಿಗೆ ವಾಯಿಲ್ ತಂದ ಎಂದು ಜಯಮ್ಮ ತಿಳಿದಳು. ಮುಂದಿನ ಸಲ ಅವನು “ಸೀರೆ ಎಂಗಿತ್ತು?” ಎಂದು ಕೇಳಿದಾಗ “ಇತ್ತು” ಎಂದಳು. ಒಂದೇ ಪದ. ಅವನು ಮೈಸೂರಿಗೆ ಹೋಗಿ ಅಂಗಡಿ ಅಂಗಡಿ ಅಲೆದು ಆರಿಸಿದವನು. ಅವನಿಗೂ ಅದು ಚುಚ್ಚಿತು. ಅಲ್ಲಿಂದ ಮುಂದೆ ಅವನು ಪ್ರತಿವರ್ಷ ಬಾಗಿನ ಕಳಿಸಿದ, ತಾನು ಬರಲಿಲ್ಲ. ಅವಳು ಮದುವೆ ಮುಂಜಿಗೆ ಮದ್ದೂರಿಗೆ ಹೋದಳು, ಊಟಕ್ಕೆ ನಿಲ್ಲಲಿಲ್ಲ. ಮೂವತ್ತು ವರ್ಷ ದಾಟಿತ್ತು.

“ಮುಂಜಾನೆ ಅವ್ಳು ಬಾಗ್ಲಿಗೆ ನೀರಾಕ್ತಿದ್ಲು. ಸೀರೆ ತಕೊಂಡೋಗಿ ಕೈಗೆ ಕೊಟ್ಟು ಏಳ್ಬುಟ್ಟೆ ಬಾವ. ಸುಲೋಚನೇ ಏಳವ್ಳಂತೆ, ನಂಗೇನ್ ರೋಗ ಅಂತ.” ಅತ್ತಿಗೆ ಮೂಗೊರೆಸಿಕೊಂಡರು. “ಒಂದ್ ಮಾತ್ ಆಡ್ನಿಲ್ಲ. ಸೀರೆ ಚೀಲುಕ್ಕಾಕ್ಕೊಂಡು ಬಾಗ್ಲಾಕ್ಕೊಂಡು ಒಂಟೋದ್ಲು. ಆ ಅತ್ತೆ ಸೆರಗಲ್ಲಿ ಕಣ್ಣೊರ್ಸುದ್ಲು ಅಂದ್ರಿ. ಇವ್ಳು ಮದ್ದೂರ್ ಬಸ್ ಅತ್ಕೊಂಡು ಓದ್ಲಲ್ಲ ಬಾವ!”

ಫೋನಿಟ್ಟ ಮೇಲೆ ನಾನು ಸರೋಜಳಿಗೆ ಎಲ್ಲ ಹೇಳಿದೆ. ತಪ್ಪೊಪ್ಪಿಗೆಯ ದೃಶ್ಯವನ್ನು ನಾನು ಎಷ್ಟು ಚೆನ್ನಾಗಿ ಕಲ್ಪಿಸಿದ್ದೆನೋ ಅಷ್ಟೇ ಕೆಟ್ಟದಾಗಿ ನನ್ನದು ನಡೆಯಿತು. ಅಡುಗೆಮನೆಯ ಬಾಗಿಲಲ್ಲಿ ಒಂದು ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದೆ. ಸರೋಜ ಸೆರಗಿನಿಂದ ಯಾರ ಕಣ್ಣನ್ನೂ ಒರೆಸಲಿಲ್ಲ. “ಎರಡು ಗಂಟೆಗೆ ಮರುಪ್ರಸಾರ. ಅಷ್ಟರಲ್ಲಿ ನಾವು ಅಲ್ಲಿರಬೇಕು. ಚಪ್ಪಲಿ ಹಾಕ್ಕೊಳ್ಳಿ” ಎಂದಳು.

ಬಸ್ಸು ಹನಕೆರೆ ದಾಟುವ ತನಕ ಸರೋಜ ಟಿಕೆಟ್ಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ನನ್ನ ಕಲ್ಪನೆ ಮಾತ್ರ ಪುರಸೊತ್ತಿಲ್ಲದೆ ದುಡಿಯುತ್ತಿತ್ತು. ಜಯಮ್ಮ ಮಳವಳ್ಳಿಯ ಮನೆಯನ್ನು ಮಾರಿ ಮದ್ದೂರಿಗೆ ಹೋದಂತೆ, ಅತ್ತಿಗೆ ಖಾಲಿ ಗೋಡೆಗೆ ಕಿವಿಯಿಟ್ಟು ಕೂತಂತೆ, ಎರಡು ಗಂಟೆಗೆ ಟಿವಿಯಲ್ಲಿ ಸುಲೋಚನೆ ಬಾಯಿ ಬಿಡದೆ ಮೂರ್ಛೆ ಬಿದ್ದಂತೆ, ಅದನ್ನು ನೋಡಿ ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದಂತೆ. ಮೂರು ಕಡೆಯಿಂದ ಮೂರು ಸಲ ತಿರುಗಿದರು. ಟಿವಿಯವರು ಸುಳ್ಳು ಹೇಳುವುದಿಲ್ಲವೆಂದು ಅಂದು ಮೊದಲ ಸಲ ಅನ್ನಿಸಿತು.

ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸಿಗೆ ಹೋದರೆ, ಕಿಟಕಿ ಪಕ್ಕದ ಸೀಟಿನಲ್ಲಿ ಜಯಮ್ಮ ಕೂತಿದ್ದರು. ತಲೆಯಲ್ಲಿ ಹೊಸ ಹೂವಿತ್ತು. ನಮ್ಮನ್ನು ಕಂಡು ಚೀಲ ತೆಗೆದು ಜಾಗ ಮಾಡಿದರು.

“ಏನ್ ಫಾರಂ ಬಾವ, ಇಬ್ರೂ ಒಂಟ್ಬುಟ್ರಿ? ಪಂಚಾಯ್ತಿಗಾ?”

“ಊಟ ಆಯ್ತಾ ಜಯಕ್ಕ?” ಎಂದಳು ಸರೋಜ. ವಿಷಯಕ್ಕೆ ಬರುವ ದಾರಿ ಹೆಂಗಸರಿಗೆ ಚೆನ್ನಾಗಿ ಗೊತ್ತು.

“ಆಯ್ತು ಕಣವ್ವ. ಅಣ್ಣುನ್ ಮನೇಲೇ ಆಯ್ತು.” ಜಯಮ್ಮ ಕಿಟಕಿಯ ಕಡೆ ನೋಡುತ್ತಾ ಹೇಳಿದರು. “ಅತ್ಗೆ ಮುದ್ದೆ ಕಟ್ಟಿ ಇಕ್ಕುದ್ಲು. ಸೀರೆ ಬಿಚ್ಚಿ ಅವ್ನ್ ಮುಂದೆ ಆಕ್ದೆ. ಮಡಿಕೆ ಮಡಿಕೆಗೂ ಸೀಳ್ಕೊಂಡದೆ, ಒಂದ್ ಸಲಾನೂ ಉಡ್ದಲೆ. ಅವ್ನು ನೋಡ್ದ, ‘ಇದ್ನ ನೀನು ಉಡ್ಲೇ ಇಲ್ವಲ್ಲ ಅಂತ ನಂಗೆ ಸಂಕ್ಟ ಇತ್ತು’ ಅಂದ. ‘ನೀನು ವಾಯಿಲ್ ಕಳಿಸ್ದೆ ಅಂತ ನಂಗೆ ಸಂಕ್ಟ ಇತ್ತು’ ಅಂದೆ. ಇಬ್ರೂ ಪೆದ್ದುಗಳಂಗೆ ಮೊಕ ನೋಡ್ಕೊಂಡ್ ಕುಂತೊ.”

ಬಸ್ಸು ಹೊರಟಿತು. ಈಗಲೇ ಹೇಳಬೇಕೆಂದು ಸರೋಜ ಮೊಣಕೈಯಿಂದ ತಿವಿದಳು. ಹೇಳಿದೆ. ನಿದ್ದೆ ಮಾಡಿದ್ದು, ಸುಲೋಚನೆಯ ಬಾಯಲ್ಲಿ ನಾನೇ ಮಾತು ಹಾಕಿದ್ದು, ಅತ್ತೆಯ ಸೆರಗೂ ನನ್ನದೇ ಎಂಬುದು. ಮುಂದಿನ ಸೀಟಿನ ಯಜಮಾನರೊಬ್ಬರು ಮೊಬೈಲಿನ ಹಾಡನ್ನು ನಿಲ್ಲಿಸಿ ಕೇಳಿಸಿಕೊಂಡರು.

ಜಯಮ್ಮ ನನ್ನನ್ನೇ ನೋಡಿದರು. “ಅಂದ್ರೆ ನಮ್ಮಕ್ಕ ಸುಳ್ ನಂಬ್ಕೊಂಡು ನಿಜ ಏಳವ್ಳೆ” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಭುಜವೆಲ್ಲ ಕುಲುಕುವಂತೆ ನಕ್ಕರು. ನಾನೂ ಮೆಲ್ಲಗೆ ನಗಲು ಶುರು ಮಾಡಿದೆ. ಅಷ್ಟರಲ್ಲಿ ಅವರ ನಗು ನಿಂತುಹೋಯಿತು.

“ಸೀರೆಗಲ್ಲ ಕಣ್ ಬಾವ ನಂಗೆ ಸಿಟ್ಟು. ಸೀರೆ ನಂಗೇ ಕೊಡು ಅಂದಿದ್ರೂ ಕೊಡ್ತಿದ್ದೆ. ಇಷ್ಟ್ ವರ್ಸ ನಾನು ಅಣ್ಣುನ್ನ ಬಯ್ಕೊಂಡ್ ಕುಂತಾಗ್ಲೆಲ್ಲ ಪಕ್ದಲ್ಲೇ ಕುಂತು ‘ಓಗ್ಲಿ ಬುಡೇ ಜಯ’ ಅಂತಿದ್ಲಲ್ಲ, ಅದುಕ್ಕೆ. ಅವಳ್ ಕೂಟೆ ನಾನು ಮಾತಾಡಕಿಲ್ಲ.”

“ಎಷ್ಟು ದಿನ ಜಯಕ್ಕ?” ಎಂದಳು ಸರೋಜ.

ಜಯಮ್ಮ ಯೋಚಿಸಿದರು. “ಗೌರಿ ಅಬ್ಬದ್ ಗಂಟ.”

ಸರೋಜ ಬೆರಳು ಮಡಿಸಿ ಎಣಿಸಿದಳು. ಇಪ್ಪತ್ತೆರಡು ದಿನ. ನನ್ನ ಕಡೆ ತಿರುಗಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು.

“ನೀವ್ ಕತೆ ಕಟ್ಟುದ್ ವಿಸ್ಯ ಮಾತ್ರ ಅವಳ್ಗೆ ಏಳ್ಬ್ಯಾಡಿ” ಎಂದರು ಜಯಮ್ಮ. “ಅವ್ಳು ಏನೋ ಧೈರ್ಯ ಮಾಡವ್ಳೆ. ಅದೂ ಓಳು ಅಂದ್ರೆ ಕುಸ್ದೋಯ್ತಳೆ.” ಮಾತಾಡದವಳ ಬಗ್ಗೆ ಇಷ್ಟು ಕಾಳಜಿ! ಆದರೆ ಎರಡು ಗಂಟೆಯ ಮರುಪ್ರಸಾರವನ್ನು ತಡೆಯುವ ಅಧಿಕಾರ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ. ನಾನು ಕರೆಂಟು ಹೋಗಲೆಂದು ಪ್ರಾರ್ಥಿಸಿದೆ. ಮನುಷ್ಯ ಬೇಡಿಕೊಂಡಾಗ ಹೋದ ಕರೆಂಟನ್ನು ನಾನು ಇನ್ನೂ ಕಂಡಿಲ್ಲ.

ಎರಡಕ್ಕೆ ಐದು ನಿಮಿಷ ಇದ್ದಾಗ ಮನೆ ತಲುಪಿದೆವು. ಅತ್ತಿಗೆ ಟಿವಿ ಹಾಕಿಕೊಂಡು ಕೂತಿದ್ದರು. ಮುಖ ಊದಿತ್ತು. ಜಯಮ್ಮ ತಮ್ಮ ಮನೆಯ ಬೀಗ ತೆಗೆಯುವ ಬದಲು ನಮ್ಮ ಹಿಂದೆಯೇ ಬಂದು ಹೊಸಲಿನ ಮೇಲೆ ಕೂತರು. ಒಳಗೂ ಅಲ್ಲ, ಹೊರಗೂ ಅಲ್ಲ. ಅತ್ತಿಗೆ ಅವರನ್ನು ನೋಡಿದರು. ಅವರು ಬೀದಿ ನೋಡಿದರು. ಟಿವಿಯಲ್ಲಿ ಧಾರಾವಾಹಿಯ ಹಾಡು ಶುರುವಾಯಿತು.

“ಅತ್ತಿಗೆ” ಎಂದೆ. “ಸುಲೋಚನೆ ನಿನ್ನೆ ಏನೂ ಹೇಳಲಿಲ್ಲ. ನಾನು ಮಲಗಿಬಿಟ್ಟಿದ್ದೆ. ನಿಮಗೆ ಹೇಳಿದ್ದೆಲ್ಲ ನಾನೇ ಕಟ್ಟಿದ್ದು.”

ಅತ್ತಿಗೆ ಟಿವಿಯ ಸದ್ದು ಕಡಿಮೆ ಮಾಡಿದರು. ಕುಸಿಯುತ್ತಾರೆಂದು ಸರೋಜ ಅವರ ಪಕ್ಕಕ್ಕೇ ಸರಿದು ಕೂತಳು.

“ಅತ್ತೆ ಕಣ್ಣೊರ್ಸಿದ್ದು?”

“ಅದೂ ನಾನೇ.”

“ಅಂದ್ರೆ ಅವ್ಳು ಇನ್ನೂ ಏಳೇ ಇಲ್ವಾ?”

“ಇಲ್ಲ ಅತ್ತಿಗೆ.”

ಅತ್ತಿಗೆ ಟಿವಿ ನೋಡಿದರು. ಸುಲೋಚನೆ ಅಕ್ಕಿ ಡಬ್ಬದ ಮುಂದೆ ನಡುಗುತ್ತಾ ನಿಂತಿದ್ದಳು. ಅವಳನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ಅಳೆದರು. ಊದಿದ ಮುಖದಲ್ಲಿ ನಿಧಾನವಾಗಿ ಬೇರೊಂದು ಬಗೆಯ ಗಾಂಭೀರ್ಯ ಬಂತು. ನೀರಿನ ಪಾಳಿಯ ಹಳೆಯ ನಿಂಗಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು.

“ಅಂಗಾರೆ ಇವ್ಳಿಗಿಂತ ಮುಂಚೆ ನಾನೇ ಏಳ್ಬುಟ್ಟೆ” ಎಂದರು.

“ನೀವೇ ಮೊದಲು” ಎಂದೆ. ಇದು ಸುಳ್ಳಲ್ಲ.

“ಏಳ್ಬುಡೇ!” ಎಂದು ಅತ್ತಿಗೆ ಟಿವಿಗೆ ಗದರಿದರು. “ಎಂಟ್ ತಿಂಗ್ಳಿಂದ ನಡುಗ್ತಾ ನಿಂತವ್ಳೆ. ಏನಾಯ್ತದೆ? ಬಸ್ ಅತ್ಕೊಂಡ್ ಓಯ್ತಳೆ, ಉಂಡ್ಕೊಂಡ್ ತಿರ್ಗಾ ಬತ್ತಳೆ!”

ಹೊಸಲಿನಿಂದ ಒಂದು ಧ್ವನಿ ಬಂತು. ಅದು ಬೀದಿಯನ್ನು ಉದ್ದೇಶಿಸಿತ್ತು. “ಫಾರಂ ಬಾವ, ಅವಳ್ಗೆ ಏಳಿ. ಅಷ್ಟ್ ಸುಲ್ಬ ಅಲ್ಲ ಅಂತ.”

“ಅಷ್ಟು ಸುಲಭ ಅಲ್ಲವಂತೆ ಅತ್ತಿಗೆ” ಎಂದೆ.

“ಸುಲ್ಬ ಅಂತ ಯಾರಂದ್ರು? ಕೇಳಿ ಬಾವ. ರಾಮಣ್ಣ ಏನಂದ ಅಂತಾನೂ ಕೇಳಿ.”

ಕೇಳಿದೆ. ಉತ್ತರ ತಂದೆ. ಮತ್ತೆ ಪ್ರಶ್ನೆ ಒಯ್ದೆ. ಇಬ್ಬರ ನಡುವೆ ನಾಲ್ಕು ಮಾರು ಜಾಗ. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಪ್ರತಿಯೊಂದು ಮಾತೂ ನನ್ನ ಮೂಲಕವೇ ಹೋಗಬೇಕು. ಮಾತು ಬಿಟ್ಟವರ ನಿಯಮ ಅದು. ಅಣ್ಣ ತಂಗಿ ಉಂಡದ್ದು, ಅತ್ತು ನಕ್ಕದ್ದು, ಈ ಹಬ್ಬಕ್ಕೆ ರಾಮಣ್ಣ ಬಾಗಿನ ಕಳಿಸದೆ ತಾನೇ ತರುತ್ತಾನೆಂಬುದು, ಎಲ್ಲ ಹೀಗೆ ಕಂತಿನ ಮೇಲೆ ದಾಟಿತು. ಕೊನೆಯದನ್ನು ದಾಟಿಸಿದಾಗ ಅತ್ತಿಗೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅವರ ಸ್ವಂತ ಸೆರಗು. ಟಿವಿಯಲ್ಲಿ ಸುಲೋಚನೆ ಮೂರ್ಛೆ ಬಿದ್ದದ್ದನ್ನು ಯಾರೂ ಗಮನಿಸಲಿಲ್ಲ.

ಅತ್ತಿಗೆ ಎದ್ದು ಹೋಗಿ ನಾಲ್ಕು ಲೋಟ ಕಾಫಿ ಮಾಡಿಕೊಂಡು ಬಂದರು. ನಾಲ್ಕನೆಯದನ್ನು ನನ್ನ ಕೈಗೇ ಕೊಟ್ಟರು. ನಾನು ಅದನ್ನು ಹೊಸಲಿಗೆ ತಲುಪಿಸಿದೆ. ಜಯಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದರು.

“ಅವಳ್ಗೆ ಏಳಿ ಬಾವ. ಸಕ್ರೆ ವಸಿ ಜಾಸ್ತಿ ಆಗದೆ ಅಂತ.”

ಇನ್ನು ಮುಂದೆ ಯಾರ ಬಾಯಲ್ಲೂ ನನ್ನ ಮಾತು ಹಾಕಬಾರದೆಂದು ನಾನು ಹನಕೆರೆಯ ಹತ್ತಿರ ಗಟ್ಟಿಯಾಗಿ ತೀರ್ಮಾನಿಸಿದ್ದೆ. ಕರಪತ್ರ ಬರೆದವನಿಗೆ ನಿಖರತೆ ಹೊಸದೇನಲ್ಲ. ಒಳಗೆ ತಿರುಗಿ ಹೇಳಿದೆ:

“ಕಾಫಿ ಬಹಳ ಚೆನ್ನಾಗಿದೆಯಂತೆ ಅತ್ತಿಗೆ. ಸಕ್ಕರೆ ಮಾತ್ರ ಸ್ವಲ್ಪ ಜಾಸ್ತಿಯಂತೆ.”

ಹೊಸಲಿನ ಮೇಲೆ ಜಯಮ್ಮ ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ಎರಡೂ ವಾಕ್ಯ ಕೇಳಿಸಿತ್ತು. ತಿದ್ದಲಿಲ್ಲ. ಬೀದಿಯ ಕಡೆ ಮುಖ ತಿರುಗಿಸಿ ಇನ್ನೊಂದು ಗುಟುಕು ಕುಡಿದರು.